ಮೊಮ್ಮಗಳನ್ನು ನನ್ನಿಂದ ಕಾಪಾಡಿದ ಮಹಾತಾಯಿಗೆ

ಮಾನ್ಯರೇ,

ಕಳೆದ ಶನಿವಾರ ಮಧ್ಯಾಹ್ನ ಮಕ್ಕಳ ಶೂ ಅಂಗಡಿಯಲ್ಲಿ ನೀಲಿ ಕೋಟು ತೊಟ್ಟು, ಬೆನ್ನು ನೆಟ್ಟಗೆ ಮಾಡಿ ನಿಂತು, ನಾಲ್ಕು ವರ್ಷದ ಹೆಣ್ಣುಮಗುವೊಂದನ್ನು ಅದರ ಸ್ವಂತ ಅಜ್ಜಿಯ ಕೈಯಿಂದ ಪಾರುಮಾಡಿದ ತಮಗೆ ಆ ಅಜ್ಜಿಯೇ ಮಾಡುವ ಅನಂತ ನಮಸ್ಕಾರಗಳು. ತಾವು ಸುಖವಾಗಿ ಮನೆ ತಲುಪಿ, ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಗಡದ್ದಾಗಿ ನಿದ್ದೆ ಮಾಡಿದಿರೆಂದು ನಂಬಿದ್ದೇನೆ. ತಮ್ಮ ಹೆಸರಾಗಲಿ ವಿಳಾಸವಾಗಲಿ ನನಗೆ ತಿಳಿಯದು. ಅಂದು ಇನ್ನೊಬ್ಬರ ಗುರುತು ಕೇಳುವ ಹಕ್ಕು ತಮಗೊಬ್ಬರಿಗೇ ಇದ್ದದ್ದರಿಂದ ನಾನು ಕೇಳುವ ಉದ್ಧಟತನ ತೋರಲಿಲ್ಲ. ಹಾಗಾಗಿ ಈ ಪತ್ರವನ್ನು ಪತ್ರಿಕೆಯವರ ಕೈಗೆ ಕೊಡುತ್ತಿದ್ದೇನೆ. ನಮ್ಮ ಊರಿನಲ್ಲಿ ನೀಲಿ ಕೋಟಿನವರು ಬಹಳ ಮಂದಿ ಇರುವುದರಿಂದ, ಓದಿದವರಲ್ಲಿ ಯಾರಿಗೆ ಇದು ತಮಗೇ ಬರೆದದ್ದು ಅನ್ನಿಸುತ್ತದೆಯೋ ಅವರು ದಯವಿಟ್ಟು ಸ್ವೀಕರಿಸಬೇಕು.

ನನ್ನ ಪರಿಚಯ ಅಂದು ಅರ್ಧಕ್ಕೇ ನಿಂತುಹೋಯಿತು, ಈಗ ಪೂರ್ತಿ ಮಾಡುತ್ತೇನೆ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ತಲೆ ನರೆಯುವ ತನಕ ಕೂತು ನಿವೃತ್ತಳಾದವಳು ನಾನು. ನಲ್ಲಿಯಲ್ಲಿ ನೀರಿಲ್ಲ, ಬಂದ ನೀರಿಗೆ ವಾಸನೆ, ರಸ್ತೆ ಅಗೆದವರು ಮುಚ್ಚುವುದನ್ನು ಮರೆತಿದ್ದಾರೆ ಎಂದೆಲ್ಲ ಜನ ಸಿಟ್ಟಿನಿಂದ ಬರೆದ ಪತ್ರಗಳಿಗೆ 'ತಮ್ಮ ದೂರನ್ನು ಗಮನಿಸಲಾಗಿದೆ, ಆದ ತೊಂದರೆಗೆ ವಿಷಾದಿಸುತ್ತೇವೆ' ಎಂದು ತಣ್ಣಗೆ ಉತ್ತರ ಬರೆಯುವುದೇ ನನ್ನ ವೃತ್ತಿಯಾಗಿತ್ತು. ಸ್ವಂತಕ್ಕೆ ದೂರು ಬರೆಯುತ್ತಿರುವುದು ಇದೇ ಮೊದಲು. ಅಭ್ಯಾಸಬಲದಿಂದ ನಡುವೆ ಎಲ್ಲಾದರೂ ನಾನೇ ತಮ್ಮ ಕ್ಷಮೆ ಕೇಳಿಬಿಟ್ಟರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಾರದಾಗಿ ವಿನಂತಿ.

ಇನ್ನು ನಡೆದ ಸಂಗತಿ. ನನ್ನ ಮಗಳು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಅವಳಿಗೆ ರಜೆ ಇಲ್ಲದ ಶನಿವಾರಗಳಲ್ಲಿ ಮೊಮ್ಮಗಳು ನನ್ನ ಪಾಲು. ಶಾಲೆ ಶುರುವಾಗುವುದರಲ್ಲಿತ್ತು, ಶಾಲೆಯವರು ಕಪ್ಪು ಶೂ ಆಗಬೇಕೆಂದಿದ್ದರು, ಮೊಮ್ಮಗಳಿಗೆ ಮಾತ್ರ ಹೆಜ್ಜೆ ಇಟ್ಟಾಗಲೆಲ್ಲ ಹಿಮ್ಮಡಿಯಲ್ಲಿ ದೀಪ ಮಿಣುಗುವ ಗುಲಾಬಿ ಶೂ ಆಗಬೇಕಿತ್ತು. ಮಕ್ಕಳಿರುವ ಮನೆಯಲ್ಲಿ ಇದು ಯುದ್ಧವೇ ಹೊರತು ವಿಶೇಷವಲ್ಲ. ನಾನು ಬೇಡ ಎಂದೆ. ಅವಳು ನೆಲಕ್ಕೆ ಬಿದ್ದಳು. ಬಿದ್ದವಳು ಕಾಲು ಬಡಿಯುತ್ತ, ಅಂಗಡಿಯ ಗಾಜು ಅದುರುವಂತೆ, "ನಂಗೆ ಕಪ್ಪು ಬೇಡ! ಕಪ್ಪು ಬೇಡ! ಕಪ್ಪು ಬೇಡವೇ ಬೇಡ!" ಎಂದು ಕಿರುಚಿದಳು.

ತಾವು ಪ್ರವೇಶಿಸಿದ್ದು ಸರಿಯಾಗಿ ಆ ಗಳಿಗೆಯಲ್ಲಿ. ತಮ್ಮ ದೃಷ್ಟಿಯಿಂದ ನೋಡಿದರೆ ಒಪ್ಪಲೇಬೇಕು: ನೆಲದ ಮೇಲೆ ಮೆಕ್ಕೆಜೋಳದ ತೆನೆಯ ನವಿರಿನಂಥ ಕೂದಲಿನ, ಹಾಲಿನ ಬಣ್ಣದ ಮಗು, ಅದರ ತೋಳು ಹಿಡಿದೆಳೆಯುತ್ತಿರುವ ಕಾಡಿಗೆ ಬಣ್ಣದ ಮುದುಕಿ, ಮಗುವಿನ ಬಾಯಲ್ಲಿ ಅಂಥ ಘೋಷಣೆ. ಪಕ್ಕದಲ್ಲೇ ಕಪ್ಪು ಶೂ ಜೋಡಿ ಬಿದ್ದಿತ್ತು ನಿಜ, ಆದರೆ ಶೂಗಳನ್ನು ನೋಡುವಷ್ಟು ಕೆಳಗೆ ತಾವು ಬಗ್ಗುವಿರೆಂದು ಯಾರೂ ನಿರೀಕ್ಷಿಸುವಂತಿಲ್ಲ. ಆ ಮಗುವಿನ ಮೂಗು ನನ್ನದೇ ಮೂಗು, ಅಚ್ಚು ಒತ್ತಿದ ಹಾಗಿದೆ. ಕಿವಿ ನನ್ನ ಗಂಡನದು. ಹಟ ನಮ್ಮ ಇಡೀ ವಂಶದ್ದು. ತಮ್ಮ ಪರಿಶೀಲನೆ ಮೂಗಿನವರೆಗೆ ತಲುಪುವ ಮೊದಲೇ ಚರ್ಮದ ಮೇಲೆ ಮುಗಿದುಹೋಯಿತು ಎನ್ನುವುದಷ್ಟೇ ನನ್ನ ಸಣ್ಣ ವಿಷಾದ.

ತಾವು ಮಂಡಿಯೂರಿ ಕೂತು, ಜೇನಿನಂಥ ದನಿಯಲ್ಲಿ, "ಚಿನ್ನಾ, ಹೆದರ್ಬೇಡ, ಇವರು ನಿಂಗೆ ಏನಾಗ್ಬೇಕು?" ಎಂದು ಕೇಳಿದಿರಿ. ನನ್ನ ಮೇಲೆ ಕೆಂಡ ಕಾರುತ್ತಿದ್ದ ನನ್ನ ಮೊಮ್ಮಗಳು ನನ್ನನ್ನು ದುರುಗುಟ್ಟಿ ನೋಡಿ, "ಯಾರೂ ಅಲ್ಲ!" ಎಂದಳು. ಅವರಮ್ಮನಿಗೂ ಇದೇ ಮಾತನ್ನು ವಾರಕ್ಕೆರಡು ಸಲವಾದರೂ ಹೇಳುತ್ತಾಳೆ. ಒಮ್ಮೆ ಹಲ್ಲುಜ್ಜಿಸುವಾಗ ತಾನೇ ತನಗೆ ಯಾರೂ ಅಲ್ಲ ಎಂದೂ ಹೇಳಿದ್ದುಂಟು. ನಾನು ನಕ್ಕು, "ನಾನು ಅವಳ ಅಜ್ಜಿ ಕಣ್ರೀ, ಶೂ ಕೊಡಿಸ್ಲಿಲ್ಲ ಅಂತ ಸಿಟ್ಟು" ಎಂದೆ. ತಾವು ನನ್ನನ್ನು ನೋಡಿ, ಮಗುವನ್ನು ನೋಡಿ, ಮತ್ತೆ ನನ್ನನ್ನು ನೋಡಿ, "ಅಜ್ಜೀನಾ?" ಎಂದಿರಿ. ಆ ಒಂದು ಪದವನ್ನು ತಾವು ಎಳೆದ ಉದ್ದದಲ್ಲಿ ನಮ್ಮ ಕಚೇರಿಯವರು ಒಂದು ಬೀದಿಗೆ ಪೈಪು ಹಾಕಿಬಿಡುತ್ತಿದ್ದರು.

ಆಮೇಲಿನ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ತಾವು ಮಗುವಿನ ಕೈ ಹಿಡಿದು ತಮ್ಮ ಕಡೆಗೆಳೆದುಕೊಂಡಿರಿ, ಬಾಗಿಲ ಬಳಿಯಿದ್ದ ಸೆಕ್ಯೂರಿಟಿಯವರನ್ನು ಕೈಸನ್ನೆಯಲ್ಲೇ ಕರೆದಿರಿ, ಅವರು ಓಡಿ ಬಂದಾಗ ಅವರೂ ನನ್ನದೇ ಬಣ್ಣದವರೆಂದು ಕಂಡು, "ನೀವು ಸ್ವಲ್ಪ ದೂರಾನೇ ನಿಂತ್ಕೊಳ್ಳಿ, ಮಗು ಹೆದರುತ್ತೆ" ಎಂದೂ ಸೇರಿಸಿದಿರಿ. ರಕ್ಷಣೆಗೆಂದು ಕರೆದವರಿಂದಲೂ ರಕ್ಷಣೆ ಒದಗಿಸುವ ಮುಂಜಾಗ್ರತೆ ಎಲ್ಲರಿಗೂ ಹೊಳೆಯುವಂಥದ್ದಲ್ಲ. ಪಾಪ, ಆ ಮನುಷ್ಯ ಕಪಾಟಿನ ಮರೆಗೆ ನನ್ನನ್ನು ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದು ತಮಗೆ ಕೇಳಿಸಿರಲಾರದು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಾನು ಕೇಳ್ಲಿಲ್ಲ ಅಂದ್ರೆ ಅವರು ಪೊಲೀಸಿಗೆ ಫೋನ್ ಮಾಡ್ತಾರೆ. ಪೊಲೀಸ್ ಬಂದ್ರೆ ನಿಮ್ಮನ್ನ ಕೇಳಿ ಸುಮ್ನಾಗಲ್ಲ, ನನ್ನನ್ನೂ ಕೇಳ್ತಾರೆ. ಏನಾದ್ರೂ ಪುರಾವೆ ಇದ್ಯಾ?"

ಅಜ್ಜಿತನಕ್ಕೆ ಪುರಾವೆ! ಬಾಣಂತಿಯ ಪಕ್ಕ ಕೂತು ಆ ಮಗುವನ್ನು ಮೊದಲು ಎತ್ತಿಕೊಂಡ ಕೈಗಳು ಇವು. ಆದರೆ ಕೈಗಳು ಮಾತಾಡುವುದಿಲ್ಲವಲ್ಲ. ಫೋನು ತೆಗೆದು ಫೋಟೋ ತೋರಿಸಿದೆ. ಅವಳು ನನ್ನ ಹೆಗಲ ಮೇಲೆ ಕೂತದ್ದು, ನನ್ನ ಕನ್ನಡಕ ಹಾಕಿಕೊಂಡದ್ದು, ನನ್ನ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದು. ತಾವು ದೂರದಿಂದಲೇ ಇಣುಕಿ, "ಫೋಟೋ ಅಂದ್ರೆ ಏನು, ಕೆಲಸಕ್ಕಿಟ್ಕೊಂಡವರ ಹತ್ರಾನೂ ಇರುತ್ತೆ" ಎಂದಿರಿ. ಅದುವರೆಗೆ ಮಕ್ಕಳ ಕಳ್ಳಿಯಾಗಿದ್ದ ನನ್ನನ್ನು ತಾವು ಒಂದೇ ಮಾತಿನಲ್ಲಿ ಕೆಲಸದವಳ ಸ್ಥಾನಕ್ಕೆ ಏರಿಸಿದ ಔದಾರ್ಯಕ್ಕೆ ಕೃತಜ್ಞಳಾಗಿದ್ದೇನೆ. ಇನ್ನೂ ಸ್ವಲ್ಪ ಹೊತ್ತು ಸಿಕ್ಕಿದ್ದರೆ ಬಹುಶಃ ದೂರದ ಪರಿಚಯದವಳ ಮಟ್ಟಕ್ಕಾದರೂ ಬಡ್ತಿ ಸಿಗುತ್ತಿತ್ತು.

ಮಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅವಳ ಫೋನು ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ. ಅಳಿಯನಿಗೆ ಮಾಡಿದೆ. ಅವನು ಎರಡು ಬೀದಿಯಾಚೆ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. "ಬೇಗ ಬಾರಪ್ಪ, ಶೂ ಅಂಗಡೀಲಿ ಮಗು..." ಎನ್ನುವಷ್ಟರಲ್ಲೇ ಅವನು ಗಾಬರಿಯಾಗಿ ಫೋನಿಟ್ಟು ಓಡಿದ.

ಅವನು ಬರುವ ತನಕ ಕಳೆದ ಹೊತ್ತನ್ನು ತಾವು ಹೇಗೆ ನೆನಪಿಟ್ಟುಕೊಂಡಿದ್ದೀರೋ ಗೊತ್ತಿಲ್ಲ. ನಾನು ಶೂ ಹಾಕಿ ನೋಡುವ ಪುಟ್ಟ ಬೆಂಚಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದೆ. ಅಂಗಡಿಗೆ ಬಂದವರು ತಂತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಎದ್ದು ಹೋಗಿ ಮಗುವನ್ನು ಎತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಎದ್ದರೆ ಏನಾಗುತ್ತದೆಂದು ಸೆಕ್ಯೂರಿಟಿಯವರ ಮುಖದಲ್ಲೇ ಬರೆದಿತ್ತು. ಅಷ್ಟರಲ್ಲಿ ಮೊಮ್ಮಗಳ ಸಿಟ್ಟು ಇಳಿದಿತ್ತು. ಮಕ್ಕಳ ಸಿಟ್ಟು ಇಳಿಯುವುದು ಹಾಗೆಯೇ, ಹೇಳದೆ ಕೇಳದೆ. ಅವಳಿಗೆ ತನ್ನ ಕೈ ಹಿಡಿದಿರುವವರು ಯಾರೋ ಬೇರೆಯವರೆಂಬ ಅರಿವಾಯಿತು. "ಅಜ್ಜೀ..." ಎಂದಳು. ಮತ್ತೆ ಜೋರಾಗಿ, ನನ್ನ ಕಡೆಗೇ ಕೈ ಚಾಚಿ, "ಅಜ್ಜೀ!" ಎಂದಳು.

ಆಗ ತಾವು ಸುತ್ತ ನಿಂತವರತ್ತ ತಿರುಗಿ, ಕಣ್ಣಲ್ಲಿ ನೀರು ತಂದುಕೊಂಡು, "ಅಯ್ಯೋ ಪಾಪ, ಕಂದ ತನ್ನ ನಿಜವಾದ ಅಜ್ಜೀನ ಕರೀತಿದೆ" ಎಂದಿರಿ.

ಮಾನ್ಯರೇ, ದೂರು ವಿಭಾಗದಲ್ಲಿದ್ದಷ್ಟು ಕಾಲ ನಾನು ಬಗೆಬಗೆಯ ಮಾತು ಓದಿದ್ದೇನೆ, ಬೈಗುಳಗಳನ್ನೂ ಓದಿದ್ದೇನೆ. ಈ ಮಾತಿಗೆ ಮಾತ್ರ ಇವತ್ತಿನವರೆಗೂ ನನಗೆ ಉತ್ತರ ಬರೆಯಲು ಬಂದಿಲ್ಲ.

ಅಳಿಯ ಬಂದ. ಬಿಳಿ ಕೋಟಿನಲ್ಲಿ, ಏದುಸಿರು ಬಿಡುತ್ತ, ತಮ್ಮದೇ ಬಣ್ಣದ ಮುಖವನ್ನು ಕೆಂಪಗೆ ಮಾಡಿಕೊಂಡು ಬಂದ. ಅವನ ಕಣ್ಣಿಗೆ ಬಿದ್ದದ್ದು ಅಳುತ್ತಿರುವ ಮಗಳು, ಅವಳ ಕೈ ಹಿಡಿದು ಸಂತೈಸುತ್ತಿರುವ ಗೌರವಸ್ಥ ಮಹಿಳೆ. ಮಗು ತಪ್ಪಿಸಿಕೊಂಡು ಸಿಕ್ಕಿದೆ ಎಂದುಕೊಂಡ. ಬಾಚಿ ಎತ್ತಿಕೊಂಡ. ನನ್ನತ್ತ ಕೈ ಚಾಚಿದ್ದ ಮಗು ಅವನ ಎದೆಗೆ ಗುದ್ದಿ, "ಬಿಡು! ನಂಗೆ ನೀನು ಬೇಡ, ಬಿಡು!" ಎಂದು ಮೊದಲಿಗಿಂತ ಎರಡು ಪಟ್ಟು ಜೋರಾಗಿ ಅರಚಿತು. ತಾವು ಏನು ಮಾಡಿದಿರಿ? ಮುಗುಳ್ನಕ್ಕು, ಮಗುವಿನ ಬೆನ್ನು ಸವರಿ, "ನೋಡು, ಅಪ್ಪ ಬಂದ್ರಲ್ಲಾ" ಎಂದಿರಿ. ಹೆಸರು ಕೇಳಲಿಲ್ಲ, ಫೋಟೋ ಕೇಳಲಿಲ್ಲ, ಕಪಾಟಿನ ಮರೆಗೆ ಕರೆಯಲಿಲ್ಲ. ಅಪರಿಚಿತ ಗಂಡಸೊಬ್ಬ ಒದ್ದಾಡುವ ಹೆಣ್ಣುಮಗುವನ್ನು ಎತ್ತಿಕೊಂಡು ಬಾಗಿಲತ್ತ ನಡೆದರೆ, ತಾವೇ ಮುಂದಾಗಿ ಬಾಗಿಲು ತೆರೆದು ಹಿಡಿದಿರಿ. ಮತ್ತು ನನ್ನ ಅಳಿಯ, ಒಳ್ಳೆಯ ಮನೆತನದಲ್ಲಿ ಬೆಳೆದವನು, ತಮಗೆ ತಲೆಬಾಗಿ, "ನೋಡ್ಕೊಂಡಿದ್ದಕ್ಕೆ ತುಂಬಾ ಥ್ಯಾಂಕ್ಸ್" ಎಂದ.

ಅವನನ್ನು ನಾನು ಬೈಯುವುದಿಲ್ಲ. ಹಿಂದೆಯೇ ಓಡಿದ ನನ್ನಿಂದ ದಾರಿಯಲ್ಲಿ ವಿಷಯ ತಿಳಿದ ಮೇಲೆ ಅವನು ಕಾಲು ಕಿತ್ತಿಡಲಾರದವನಂತೆ ನಿಂತುಬಿಟ್ಟ. ಮನೆಯಲ್ಲಿ, ಕೆಲಸ ಮುಗಿಸಿ ಬಂದ ಮಗಳು ಎಲ್ಲ ಕೇಳಿಸಿಕೊಂಡು, ಚಪ್ಪಲಿಯನ್ನೂ ಬಿಡದೆ ಅವನಿಗೆ ಒಂದೇ ಪ್ರಶ್ನೆ ಹಾಕಿದಳು.

"ನಿನ್ನನ್ನ ಏನಾದ್ರೂ ಕೇಳಿದ್ರಾ?"

"ಇಲ್ಲ."

"ಒಂದೇ ಒಂದು ಮಾತೂ?"

"ಇಲ್ಲ ಕಣೆ. ಆದ್ರೆ ಅವರ ಉದ್ದೇಶ ಕೆಟ್ಟದಾಗಿರ್ಲಿಲ್ಲ ಅನ್ಸುತ್ತೆ..."

ಅಷ್ಟೇ, ಮಗಳು ಒಳಗೆ ಹೋಗಿ ಕದ ಹಾಕಿಕೊಂಡಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅವರಿಬ್ಬರ ನಡುವೆ ಹಾಗೆ ಕದ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಅಳಿಯ ನನ್ನ ಮುಂದೆ ಬಂದು ಕೂತ. ಏನಾದರೂ ಸರಿಪಡಿಸಬೇಕೆಂಬ ತಳಮಳ ಅವನಿಗೆ. "ಅತ್ತೆ, ನಾನೊಂದು ಚೀಟಿ ಬರೆದು ಸಹಿ ಮಾಡಿ ಕೊಡ್ತೀನಿ, ಇವರು ನನ್ನ ಮಗಳ ಅಜ್ಜಿ ಅಂತ. ಬ್ಯಾಗಲ್ಲಿ ಇಟ್ಕೊಂಡಿರಿ" ಎಂದ. ಎಷ್ಟು ಪ್ರೀತಿಯಿಂದ ಹೇಳಿದನೆಂದರೆ ನನಗೆ ಅಳು ಬಂತು. ಅಂಗಡಿಯಲ್ಲಿ ಬಾರದ ಅಳು ಅಲ್ಲಿ ಬಂತು. ಅವನಿಗೆ ಯಾಕೆಂದು ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅರ್ಥವಾಯಿತು, ಆಗ ಅವನೂ ಅತ್ತ. ಚೀಟಿ ಬರೆಯಲಿಲ್ಲ. ಮಾರನೆಯ ದಿನ ಒಬ್ಬನೇ ಆ ಅಂಗಡಿಗೆ ಹೋಗಿ, ಅಲ್ಲಿನ ಯಜಮಾನರ ಮುಂದೆ ನಿಂತು, ನಿಮ್ಮಲ್ಲಿ ನಮ್ಮತ್ತೆಗೆ ಹೀಗಾಯಿತು ಎಂದು ದನಿ ಏರಿಸಿ ಹೇಳಿ ಬಂದನಂತೆ. ಅವನು ದನಿ ಏರಿಸಿದ್ದನ್ನು ನಾನು ಕೇಳಿದವಳೇ ಅಲ್ಲ. ಆ ಸಂಜೆ ಕದ ತೆರೆಯಿತು.

ಇಷ್ಟಾದ ಮೇಲೆ ತಮ್ಮಲ್ಲಿ ಕೆಲವು ಕೋರಿಕೆಗಳು. ಗೋಡೆಗೆ ಬಳಿಯುವ ಬಣ್ಣದಂಗಡಿಯಲ್ಲಿ ತಿಳಿಯಿಂದ ಗಾಢಕ್ಕೆ ಚೌಕ ಚೌಕವಾಗಿ ಬಣ್ಣ ತೋರಿಸುವ ಪಟ್ಟಿ ಇರುತ್ತದಲ್ಲ, ಅಂಥದ್ದೊಂದನ್ನು ಎಲ್ಲ ಅಂಗಡಿ, ಉದ್ಯಾನ, ಬಸ್ಸುಗಳ ಬಾಗಿಲಲ್ಲಿ ತೂಗುಹಾಕಿಸಿ, ಅಜ್ಜಿಗೂ ಮೊಮ್ಮಗುವಿಗೂ ನಡುವೆ ಎಷ್ಟು ಚೌಕಗಳ ಅಂತರ ಮಾನ್ಯ ಎಂದು ಗುರುತು ಹಾಕಿಸಿಕೊಡಬೇಕು. ಅದನ್ನು ಮೀರಿದ ನಮ್ಮಂಥ ಕುಟುಂಬಗಳಿಗೆ ತಾವೇ ಬಿಡುವು ಮಾಡಿಕೊಂಡು ಪ್ರತಿ ಶನಿವಾರ ಜೊತೆಗೆ ಬಂದು, ಮಗು ಅತ್ತಾಗ ಬೆನ್ನು ಸವರಿ, ಮೂಗು ಸುರಿದಾಗ ಒರೆಸಿ, ಬಚ್ಚಲಿಗೆ ಅವಸರವಾದಾಗ ಎತ್ತಿಕೊಂಡು ಓಡಿದರೆ ಇನ್ನೂ ಉತ್ತಮ. ಕಾಳಜಿ ಇದ್ದವರು ಅಷ್ಟಕ್ಕೇ ನಿಲ್ಲಬಾರದು.

ಕೊನೆಯದಾಗಿ ಒಂದು ವಿಷಯ, ಇದರಲ್ಲಿ ನನಗೆ ತಮಾಷೆ ಮಾಡಲು ಬರುತ್ತಿಲ್ಲ. ನಿನ್ನೆ ಮೊಮ್ಮಗಳೂ ನಾನೂ ಬಸ್ಸು ಹತ್ತಿದೆವು. ಕೂತವರು ಯಾರೂ ನಮ್ಮನ್ನು ನೋಡಿಯೂ ಇರಲಿಲ್ಲ. ಅವಳು ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಸೀಟಿನವರತ್ತ ತಿರುಗಿ, "ಇವರು ನಮ್ಮಜ್ಜಿ" ಎಂದಳು. ಅವರು ನಕ್ಕರು. ಇಳಿದು ಔಷಧಿ ಅಂಗಡಿಗೆ ಹೋದರೆ ಅಲ್ಲಿಯೂ, ಯಾರಾದರೂ ಏನಾದರೂ ಕೇಳುವ ಮೊದಲೇ, ಕೌಂಟರಿಗೆ ಎಟುಕದ ಕತ್ತು ಎತ್ತಿ, "ಇವರು ನಮ್ಮಜ್ಜಿ. ನಿಜವಾದ ಅಜ್ಜಿ" ಎಂದಳು. ರಸ್ತೆ ದಾಟಲು ನಿಂತಾಗ ಪಕ್ಕದಲ್ಲಿದ್ದವರಿಗೂ ಹೇಳಿದಳು. ಒಂದೊಂದು ಸಲ ಹೇಳುವಾಗಲೂ ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡು, ಅವರು ನಂಬಿದರೋ ಇಲ್ಲವೋ ಎಂದು ಮುಖ ನೋಡುತ್ತಾಳೆ. ನಂಬಿದರೆಂದು ಖಾತ್ರಿಯಾದ ಮೇಲೆಯೇ ಮುಂದಿನ ಹೆಜ್ಜೆ.

ನಾಲ್ಕು ವರ್ಷದವಳಿಗೆ ಇದನ್ನು ಯಾರು ಕಲಿಸಿದರೆಂದು ಯಾರಾದರೂ ಕೇಳಿದರೆ ತಮ್ಮ ಹೆಸರು ಹೇಳೋಣವೆಂದರೆ, ತಮ್ಮ ಹೆಸರು ನನಗೆ ಗೊತ್ತಿಲ್ಲ.

ನನ್ನ ಮೇಲೆ ತಮಗೆ ವಿಶ್ವಾಸವಿಲ್ಲದಿದ್ದರೂ ಎಂದೆಂದಿಗೂ

ತಮ್ಮ ವಿಶ್ವಾಸಿ,
ಒಬ್ಬ ಅಜ್ಜಿ

ತಾ.ಕ.: ಅಂದಿನ ಗಡಿಬಿಡಿಯಲ್ಲಿ ತಾವು ಅಂಗಡಿಯಲ್ಲೇ ಬಿಟ್ಟುಹೋದ ಮರದ ಹಿಡಿಯ ಛತ್ರಿಯನ್ನು ಸೆಕ್ಯೂರಿಟಿಯವರು ಜೋಪಾನವಾಗಿ ಎತ್ತಿಟ್ಟಿದ್ದಾರಂತೆ. ಹೋಗಿ ತೆಗೆದುಕೊಳ್ಳಿ. ನನ್ನದು ಎಂದು ಹೇಳಿದರೆ ಸಾಕು, ಅವರು ತಮ್ಮ ಮಾತು ನಂಬುತ್ತಾರೆ.