ರೊಟ್ಟಿ ಡಬ್ಬಿಯ ಮೇಲೆ ಬೆಲ್ಲ

ನಾನು ಕನ್ನಡ ಮಾಸ್ತರ. ಆದರೂ ಒಮ್ಮೆ ವಿಜ್ಞಾನದ ಮಾಸ್ತರರು ರಜೆ ಹಾಕಿದಾಗ ಎಂಟು ದಿನ ಅವರ ತರಗತಿಯನ್ನೂ ನಾನೇ ನೋಡಿಕೊಂಡಿದ್ದೆ. ‘ಬಲ’ ಎಂಬ ಪಾಠವನ್ನು ಅರ್ಧ ಓದಿದ್ದೆ. ಆ ಅರ್ಧ ಪಾಂಡಿತ್ಯವೇ ನನ್ನ ಮಾನ ಕಳೆಯಿತು!

ಕುಂದಗೋಳದಲ್ಲಿ ನನ್ನ ಹೆಂಡತಿ ನೀಲಾಳ ತಂಗಿಯ ಮಗಳ ಮದುವೆ. ಊಟಕ್ಕೆ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿ ನಮ್ಮ ಕಡೆಯಿಂದ ಹೋಗಬೇಕಿತ್ತು. ನೀಲಾ ಮೂರು ದಿನ ಒಲೆಯ ಮುಂದೆ ಕುಳಿತು, ಹಪ್ಪಳದಂಥ ಇನ್ನೂರು ರೊಟ್ಟಿ ಬಡಿದು, ದೊಡ್ಡ ರಟ್ಟಿನ ಡಬ್ಬಿಯಲ್ಲಿ ಜೋಡಿಸಿದ್ದಳು. ಗಾಡಿಗೆ ಹೇರುವ ಹೊಣೆ ನನ್ನದು.

ಬಾಜೂ ಮನೆಯ ದಸ್ತಗೀರ ಕಾಕಾ ತಮ್ಮ ಗೂಡ್ಸ್ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ, ಚಹಾ ಕುಡಿಯಲು ನಮ್ಮ ಪಡಸಾಲೆಯಲ್ಲಿ ಕುಳಿತರು. ಗಾಡಿಯ ತುಂಬ ಪಾತ್ರೆ, ಜಮಖಾನೆ. ಉಳಿದದ್ದು ಒಂದೇ ಮೂಲೆ. ಅಲ್ಲಿ ಮೊದಲು ರೊಟ್ಟಿ ಡಬ್ಬಿ ಇಟ್ಟೆ. ಅದರ ಮೇಲೆ ಶೇಂಗಾದ ಸಣ್ಣ ಚೀಲ. ಆಮೇಲೆ ಬೆಲ್ಲದ ಮೂಟೆ ಎತ್ತಿದೆ.

“ರೀ! ಕೆಳಗ ರೊಟ್ಟಿ ಅದಾವ್ರಿ!” ನೀಲಾ ಚೀರಿದಳು.

“ಗೊತ್ತೈತಿ. ರೊಟ್ಟಿ ಹೊರೂದು ಶೇಂಗಾ ಅಷ್ಟ. ಬೆಲ್ಲಾ ಹೊರೂದು ಶೇಂಗಾದ ಕೆಲಸ.”

“ಆ ಶೇಂಗಾ ಯಾರ ಮ್ಯಾಲ ಕುಂತಾವ್ರಿ?”

“ಗಾಡಿ ನಿಂತೈತಿ ನೀಲಾ. ಏನೂ ಅಲುಗಾಡೂದಿಲ್ಲ. ಅಲುಗಾಡದಿದ್ರ ಬಲನ ಇಲ್ಲ. ಇದು ವಿಜ್ಞಾನ!”

ಮೂಟೆಯನ್ನು ಶೇಂಗಾ ಚೀಲದ ಮೇಲೆ ಇಳಿಸಿದೆ.

ಕರಕ್!

ಗಾಡಿಯ ಚಕ್ರ ಒಂದು ಇಂಚೂ ಉರುಳಿರಲಿಲ್ಲ.

ಕಾಕಾ ಚಹಾದ ಕಪ್ಪು ಹಿಡಿದೇ ಓಡಿ ಬಂದರು. ಮೂಟೆ ಕೆಳಗಿಳಿಸಿ, ನನ್ನ ಅಂಗೈಯನ್ನು ಕಟ್ಟೆಯ ಮೇಲೆ ಇಡಿಸಿದರು. ಅದರ ಮೇಲೆ ಶೇಂಗಾ ಚೀಲ ಇಟ್ಟರು.

“ಹೆಂಗೈತಿ ಮಾಸ್ತರ?”

“ಹಗೂರ ಐತಿ.”

ಚೀಲದ ಮೇಲೆ ಬೆಲ್ಲದ ಮೂಟೆ ಕೂರಿಸಿದರು.

“ಅಯ್ಯಯ್ಯೋ ಕಾಕಾ! ಕೈ ಹೋತು!”

“ಬೆಲ್ಲಾ ನಿಮ್ಮ ಕೈ ಮುಟ್ಟೇ ಇಲ್ಲಲ್ರಿ! ಶೇಂಗಾ ತನ್ನ ಭಾರ, ಬೆಲ್ಲದ ಭಾರ ಎರಡೂ ಕೆಳಗ ದಾಟಿಸ್ತಾವು. ಮ್ಯಾಲಿಂದ ಆ ಭಾರ ಒತ್ತತೈತಿ, ಕೆಳಗಿಂದ ಈ ಕಟ್ಟಿ ತಿರುಗಿ ಒತ್ತತೈತಿ. ಸುಮ್ಮನ ಕುಂತಿದ್ರೂ ಒತ್ತೂದು ಬಿಡೂದಿಲ್ಲ. ನಡುವ ಸಿಕ್ಕವರ ಗತಿ ಇಷ್ಟ.”

ಎಂಟು ದಿನ ನಾನು ಮಕ್ಕಳಿಗೆ ಹೇಳಲಾಗದ್ದನ್ನು ಕಾಕಾ ಒಂದೇ ನಿಮಿಷದಲ್ಲಿ ನನ್ನ ಕೈಗೆ ಕಲಿಸಿದರು.

ನೀಲಾ ಡಬ್ಬಿ ತೆರೆದು, ಚೂರುಗಳನ್ನು ಬೊಗಸೆಯಲ್ಲಿ ಹಿಡಿದು ನಿಂತುಬಿಟ್ಟಳು. ಮರುದಿನವೇ ಮದುವೆ.

“ಕಣ್ಣಾಗ ನೀರು ತರಬ್ಯಾಡವಾ,” ಎಂದರು ಕಾಕಾ. “ರೊಟ್ಟಿ ಮುರದಾವು, ರುಚಿ ಎಲ್ಲಿಗಿ ಹೋಗತೈತಿ? ನಾಳಿ ಅಲ್ಲೇ ಒಗ್ಗರಣಿ ಹಾಕೂಣು ನಡಿ.”

ಮರುದಿನ ಬೆಳಿಗ್ಗೆ ಕುಂದಗೋಳದಲ್ಲಿ ನಾನು ಉಳ್ಳಾಗಡ್ಡಿ ಹೆಚ್ಚಿದೆ. ನೀಲಾ ಚೂರುಗಳಿಗೆ ಮಜ್ಜಿಗೆ ಚಿಮುಕಿಸಿ, ಶೇಂಗಾ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟಳು. ಅಂದಿನ ಬೇರೆ ಬಾಡಿಗೆಯನ್ನು ಬಿಟ್ಟುಕೊಟ್ಟು ಅಲ್ಲೇ ಉಳಿದ ಕಾಕಾ, ಬೆವರು ಒರೆಸಿಕೊಳ್ಳುತ್ತ ದೊಡ್ಡ ಬಾಣಲೆ ಕೈಯಾಡಿಸಿದರು. ಅಂದು ನನ್ನ ಮರ್ಯಾದೆ ಉಳಿಸಿದವರು ಅವರಿಬ್ಬರೇ. ಆ ಉಪಕಾರ ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಬೀಗರು ಎರಡೆರಡು ಸಲ ಹಾಕಿಸಿಕೊಂಡರು! ಬೀಗರ ಕಡೆಯ ಅಜ್ಜಿಯೊಬ್ಬಳು ನೀಲಾಳನ್ನು ಕೂಗಿದಳು.

“ಎಷ್ಟ್ ಹದಾ ಆಗೇತಿ! ರೊಟ್ಟಿ ಇಷ್ಟು ಸಣ್ಣಗ ಮುರದವರು ಯಾರವಾ?”

ನೀಲಾ ನನ್ನತ್ತ ಬೆರಳು ತೋರಿಸಿದಳು. “ನಮ್ಮನಿಯವ್ರ ಮುರದಾರ್ರಿ. ಒಂದ ಏಟಿಗೆ!”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಮುಂದಿನ ತಿಂಗಳ ನಮ್ಮ ಮನ್ಯಾಗೂ ಲಗ್ನ ಐತಿ. ಇವರನ್ನ ಒಂದಿನ ಕಳಿಸಿ ಕೊಡವಾ.”

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ, ನನ್ನ ವಿದ್ಯೆಯನ್ನು ನಂಬಿ ಬಂದ ಮೊದಲ ಆಮಂತ್ರಣ ಅದು!