ಅರ್ಹತೆ ಇಲ್ಲದ ಕೋಳಿಮನೆ

2003ನೇ ಇಸವಿಯ ಜೂನ್ ತಿಂಗಳಿನಿಂದ ಜಾರಿಗೆ ಬರುವಂತೆ ಹೊನ್ನಾವರ, ಕುಮಟಾ ಹಾಗೂ ಭಟ್ಕಳ ತಾಲೂಕುಗಳ ಕೋಳಿಮನೆಗಳಲ್ಲಿ ವಾಸವಾಗಿರುವ ಸೂಕ್ಷ್ಮಾಣುಗಳನ್ನು ಸದ್ಗುಣಿ ಮತ್ತು ದುರ್ಗುಣಿ ಎಂದು ಎರಡು ವರ್ಗ ಮಾಡಲಾಯಿತು. ದುರ್ಗುಣಿಗಳು ಕೋಳಿಗೆ ಭೇದಿ ಹಚ್ಚುತ್ತವೆ. ಸದ್ಗುಣಿಗಳು ಪ್ರೋಬಯಾಟಿಕ್ ಎಂಬ ಹೆಸರಿನಲ್ಲಿ ಪೊಟ್ಟಣದೊಳಗೆ ಬರುತ್ತವೆ. ನೀರಿಗೆ ಬೆರೆಸಿ ನೆಲದ ಹೊಟ್ಟಿನ ಮೇಲೆ ಚಿಮುಕಿಸಿದರೆ ಮೊದಲೇ ಜಾಗ ಹಿಡಿದು ಕೂತು ದುರ್ಗುಣಿಗಳಿಗೆ ಎಡೆಯಿಲ್ಲದಂತೆ ಮಾಡುತ್ತವೆ. ಜಾಗ ಹಿಡಿದು ಕೂರುವ ವಿದ್ಯೆ ನಮ್ಮ ಕಚೇರಿಗೆ ಹೊಸದಲ್ಲವಾದ್ದರಿಂದ ಯೋಜನೆಯನ್ನು ನಮಗೇ ಒಪ್ಪಿಸಿದರು. ನಾನು ಅಲ್ಲಿ ಗುಮಾಸ್ತ.

ಜೊತೆಗೇ ಇನ್ನೊಂದು ಆದೇಶ ಬಂತು. 'ದುರ್ಗುಣಿ ನಿಯಂತ್ರಿತ' ಎಂಬ ಸರ್ಟಿಫಿಕೇಟು ಇಲ್ಲದವರಿಂದ ಸರ್ಕಾರಿ ಹಾಸ್ಟೆಲಿಗೆ ಮೊಟ್ಟೆ ಕೊಳ್ಳುವಂತಿಲ್ಲ. ಹೊಳೆಯ ನಡುವಿನ ಮಾವಿನಕುರ್ವೆಯ ಸರೋಜಕ್ಕನಿಗೆ ಕಾಯಂ ಗಿರಾಕಿ ಎಂದರೆ ಹಾಸ್ಟೆಲ್ ಒಂದೇ. ಅದು ತಪ್ಪಿದರೆ ಮುನ್ನೂರು ಕೋಳಿಗಳನ್ನು ಮಾರಿ ಕೈತೊಳೆಯಬೇಕು. ಅವಳು ಮೊದಲ ದಿನವೇ ಅರ್ಜಿ ಹಾಕಿದಳು.

ನಾವು ಅವಳ ಕೋಳಿಮನೆಯ ಹೊಟ್ಟನ್ನು ಪರೀಕ್ಷೆಗೆ ಕಳಿಸಿದೆವು. ದುರ್ಗುಣಿಗಳು ಇಲ್ಲವೆಂದು ವರದಿ ಬಂತು. ವಿಚಾರಿಸಲಾಗಿ, ಅವಳು ಅತ್ತೆಯ ಕಾಲದಿಂದಲೂ ಎಂಟು ದಿನಕ್ಕೊಮ್ಮೆ ಹುಳಿ ಮಜ್ಜಿಗೆ ಚಿಮುಕಿಸಿ ಹೊಟ್ಟು ಕೆದಕುತ್ತಾಳೆಂದೂ, ಕುಡಿಯುವ ನೀರಿಗೂ ಒಂದಿಷ್ಟು ಸೇರಿಸುತ್ತಾಳೆಂದೂ ತಿಳಿಯಿತು. ಮಜ್ಜಿಗೆ ಪೊಟ್ಟಣದಲ್ಲಿ ಬರುವುದಿಲ್ಲವಾದ್ದರಿಂದ ಅದನ್ನು ಪರಿಗಣಿಸಲಾಗಲಿಲ್ಲ.

"ನನ್ನ ಕೋಳಿ ಚಲೋ ಇವೆಯಲ್ಲ ಸಾಹೇಬ್ರೆ, ಮತ್ತೆಂತ ಬೇಕು?" ಎಂದು ಕೇಳಿದಳು.

"ಚಲೋ ಇರೋದೇ ತೊಂದರೆ ಸರೋಜಕ್ಕ. ಇಲ್ಲದ್ದನ್ನ ನಿಯಂತ್ರಣ ಮಾಡಿದ್ದೀರಿ ಅಂತ ನಾನು ಹ್ಯಾಗೆ ಬರೆಯಲಿ?" ಎಂದರು ನಮ್ಮ ಅಧಿಕಾರಿ ಕೃಷ್ಣಾನಂದ. ನಿಯಮ ಏಳರ ಪ್ರಕಾರ ನಿಯಂತ್ರಣ ಎಂದರೆ ಮೊದಲು ಇದ್ದದ್ದು ಆಮೇಲೆ ಕಡಿಮೆಯಾಗುವುದು.

ಕೃಷ್ಣಾನಂದರು ಕೆಟ್ಟವರಲ್ಲ. ಎರಡು ದಿನ ಯೋಚಿಸಿ ದಾರಿ ಹುಡುಕಿದರು. ಶಿರಾಲಿಯ ಪ್ರಕಾಶ ನಮ್ಮ ಮಾದರಿ ಫಲಾನುಭವಿ. ಅವನ ಕೋಳಿಮನೆ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿ ಮುಚ್ಚಿದರೂ ಗೊತ್ತಾಗುತ್ತದೆ. ಪೊಟ್ಟಣಗಳನ್ನು ಅವನು ಒಡೆಯುವುದಿಲ್ಲ. ದೇವರ ಫೋಟೋದ ಹಿಂದೆ ಜೋಪಾನವಾಗಿ ಇಟ್ಟಿದ್ದಾನೆ. ಅವನ ಕೋಳಿಮನೆಯಿಂದ ಒಂದು ಚೀಲ ಕೊಳೆತ ಹೊಟ್ಟನ್ನು 'ಅರ್ಹತೆಯ ಬೀಜ' ಎಂಬ ಶೀರ್ಷಿಕೆಯಡಿ ಸರೋಜಕ್ಕನಿಗೆ ಮಂಜೂರು ಮಾಡಲಾಯಿತು. ಪೊಟ್ಟಣ ಕೈಸೇರುವವರೆಗೆ ಮಜ್ಜಿಗೆ ನಿಷೇಧ. ಚೀಲ ಒಯ್ದವನು ನಾನೇ. ದೋಣಿಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಹತ್ತನೇ ದಿನ ಸರೋಜಕ್ಕ ಸತ್ತ ಕೋಳಿಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಕಚೇರಿಗೆ ಬಂದಳು. ಕೃಷ್ಣಾನಂದರು ಅಭಿನಂದಿಸಿದರು. ಈಗ ಆಕೆ ಸಂಪೂರ್ಣ ಅರ್ಹಳು. ಪೊಟ್ಟಣಕ್ಕೆ ಮೇಲಿನ ಕಚೇರಿಯ ಸಹಿಯಾಗಿ ಬರಲು ಆರು ವಾರ ಸಾಕು.

"ಆರು ವಾರಕ್ಕೆ ಪೊಟ್ಟಣ ಬರ್ತದೆ, ಕೋಳಿ ಇರೂದಿಲ್ಲ," ಎಂದಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು. ಆ ದಿನ ನನಗೆ ಊಟ ಸೇರಲಿಲ್ಲ. ಕಡತದಲ್ಲಿ ಇದಕ್ಕೆ ಕಾಲಂ ಇಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಮನೆಗೆ ಹೋದವಳೇ ಚೀಲದ ಹೊಟ್ಟನ್ನೆಲ್ಲ ಹೊರಗೆಳೆದು ಸುಟ್ಟು ಮಜ್ಜಿಗೆ ಶುರುಮಾಡಿದಳು. ನಲವತ್ತು ಕೋಳಿ ಹೋದವು, ಉಳಿದವು ಚೇತರಿಸಿಕೊಂಡವು. ಚೀಲ ಬಿದ್ದಾಗ ಕಡತದಲ್ಲಿ ಏರಿದ್ದ ದುರ್ಗುಣಿಗಳು ಎರಡನೇ ಪರೀಕ್ಷೆಯಲ್ಲಿ ಮತ್ತೆ ಇಲ್ಲ. ಮೂರು ತಾಲೂಕುಗಳಲ್ಲೇ ಅತ್ಯುತ್ತಮ ಇಳಿಕೆ ಎಂದು ಸಭೆ ಮಾಡಿ, ಹಾರ ಹಾಕಿ, ಸರ್ಟಿಫಿಕೇಟು ಕೊಟ್ಟೆವು. ಆ ಸಾಧನೆ ಮಾಡಿದ ಪೊಟ್ಟಣ ಮರುವಾರ ಬಂತು. ಸತ್ತ ಕೋಳಿಗಳನ್ನು 'ಯೋಜನೆಯಿಂದ ಸ್ವಇಚ್ಛೆಯಿಂದ ಹೊರಗುಳಿದವು' ಎಂದು ದಾಖಲಿಸಲಾಗಿದೆ.

ಸರ್ಟಿಫಿಕೇಟನ್ನು ಪ್ರತಿವರ್ಷ ನವೀಕರಿಸಬೇಕು, ಪ್ರತಿವರ್ಷ ಇಳಿಕೆ ತೋರಿಸಬೇಕು. ಹಾಗಾಗಿ ಪ್ರಕಾಶನನ್ನು ದುರ್ಗುಣಿಗಳ ಅಧಿಕೃತ ಸರಬರಾಜುದಾರನೆಂದು ನೇಮಿಸಿದ್ದೇವೆ. ಸರೋಜಕ್ಕ ಅಂಗಳದ ತುದಿಯಲ್ಲಿ ಕೋಳಿ ಇಲ್ಲದ ಪುಟ್ಟ ಗೂಡೊಂದನ್ನು ಕಟ್ಟಿಸಿದ್ದಾಳೆ. ಚೀಲ ಅಲ್ಲಿಗೆ ಬೀಳುತ್ತದೆ, ಆಮೇಲೆ ಮಜ್ಜಿಗೆ ಬೀಳುತ್ತದೆ, ಎರಡು ಸಲವೂ ನಾವು ಅಲ್ಲಿಂದಲೇ ಮಾದರಿ ತೆಗೆಯುತ್ತೇವೆ. ಗೂಡಿನಲ್ಲಿ ಕೋಳಿ ಇರಬೇಕೆಂದು ನಿಯಮದಲ್ಲಿ ಎಲ್ಲೂ ಹೇಳಿಲ್ಲ.

ಈ ವರ್ಷ ಚೀಲ ತಡವಾಯಿತು. ಸರೋಜಕ್ಕ ಸರ್ಟಿಫಿಕೇಟು ಹಿಡಿದು ಬಂದು ಮೇಜಿನ ಮುಂದೆ ನಿಂತಳು.

"ನಮ್ಮನೆ ರೋಗ ಇನ್ನೂ ಬರ್ಲಿಲ್ಲ ಸಾಹೇಬ್ರೆ."

ಕೃಷ್ಣಾನಂದರು ರಿಜಿಸ್ಟರು ತಿರುವಿ ನೋಡಿದರು. "ಸೋಮವಾರದ ದೋಣಿಗೆ ಕಳಿಸ್ತೇನೆ."

"ಆತು," ಎಂದು ಅವಳು ರಿಜಿಸ್ಟರಿಗೆ ಸಹಿ ಮಾಡಿ ಹೋದಳು.