ಮೀನು ತೋರಿಸುವ ಸ್ಕ್ರೀನಿಗೆ ಎರಡಿಂಚು ಹೆಚ್ಚು

ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ನಂಜನಗೂಡಿನಲ್ಲಿ ಯಾರೂ ಇಲ್ಲವೆಂದು ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ನಮ್ಮ ಬೀದಿಯ ಹೆಂಗಸರ ರವಿಕೆಗಳನ್ನೂ ಮಕ್ಕಳ ಯೂನಿಫಾರ್ಮುಗಳನ್ನೂ ಹೊಲಿಯುತ್ತ ಬಂದವಳು ನಾನು. ಮದುವೆಗೆ ಹೊಲಿಸಿಕೊಂಡ ರವಿಕೆಯನ್ನು ಬಾಣಂತನ ಮುಗಿದ ಮೇಲೂ ಹಾಕಿಕೊಳ್ಳುವಂತೆ ಮಾಡಿಕೊಡುವುದು ನನ್ನ ಹೆಗ್ಗಳಿಕೆ. ಗುಟ್ಟೇನೂ ಇಲ್ಲ. ಬೇಕಾದ ಅಳತೆಗಿಂತ ಎರಡಿಂಚು ಹೆಚ್ಚಿಗೆ ಬಿಡು, ಒಳಗೆ ಮಡಿಚಿ ಹೊಲಿ, ಮೈ ಬಂದಂತೆ ಬಿಚ್ಚಿಕೊಡು. ಅಷ್ಟೇ! ಈ ಸೂತ್ರ ರವಿಕೆಯನ್ನಷ್ಟೇ ಅಲ್ಲ, ಜಗತ್ತಿನ ಸಕಲ ಚರಾಚರ ವಸ್ತುಗಳನ್ನೂ ಕಾಪಾಡುತ್ತದೆ ಎಂದುಕೊಂಡಿದ್ದೆ. ದೋಣಿಯನ್ನು ಕಾಪಾಡುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಯಜಮಾನರು ಲೈನ್‌ಮನ್ ಆಗಿದ್ದವರು. ನಿವೃತ್ತಿಯಾಗಿ ಕಂಬ ಹತ್ತುವ ಕೆಲಸ ತಪ್ಪಿದ ಮೇಲೆ ಅವರಿಗೆ ನೀರಿಗಿಳಿಯುವ ಆಸೆ ಹುಟ್ಟಿತು. ಕಪಿಲಾ ಹೊಳೆಯಂಚಿನ ಯಾವುದೋ ರೆಸಾರ್ಟಿನವರು ಹಳೆ ಸಾಮಾನು ಮಾರುವಾಗ ಒಂದು ಕಯಾಕ್ ತಂದರು. ಕಯಾಕ್ ಅಂದರೆ ಒಬ್ಬರೇ ಕಾಲು ಚಾಚಿ ಕೂತು, ಉದ್ದನೆಯ ಹುಟ್ಟನ್ನು ಅತ್ತ ಒಮ್ಮೆ ಇತ್ತ ಒಮ್ಮೆ ಹಾಕಿಕೊಂಡು ಹೋಗುವ ಪ್ಲಾಸ್ಟಿಕ್ ದೋಣಿ. ಹಳದಿ ಬಣ್ಣ. ಪಕ್ಕದ ಮನೆ ರತ್ನಮ್ಮ ನೋಡಿದ ಕೂಡಲೇ, "ಇದೇನಕ್ಕ, ಇಷ್ಟ್ ದೊಡ್ಡ ರಸಬಾಳೆ!" ಎಂದಳು. ಅಂದಿನಿಂದ ಬೀದಿಯಲ್ಲೆಲ್ಲ ಅದಕ್ಕೆ ರಸಬಾಳೆ ಎಂದೇ ಹೆಸರು.

ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಅಷ್ಟರಲ್ಲಿ ನಮ್ಮ ಮಗಳಿಗೆ ಬನ್ನೂರಿನ ಸಂಬಂಧ ಕೂಡಿಬಂತು. ಮಾತುಕತೆಗೆ ಹೋದ ನಮಗೆ ಬೀಗರ ಮನೆಯಲ್ಲಿ ಕುರಿಯೂಟ. ಬೀಗಿತ್ತಿ ಗೌರಮ್ಮನವರು ಎಲೆಯ ಮುಂದೆ ನಿಂತು ಬಡಿಸಿದ್ದೇ ಬಡಿಸಿದ್ದು. ಕೈ ತೊಳೆಯುವಾಗ, "ನಮ್ ಕೊಟ್ಟಿಗೇಲೇ ಬೆಳ್ದ ಕುರಿ ಕಣಕ್ಕ. ಕೊಂಡ್ಕಂಡಿದ್ದಲ್ಲ" ಎಂದರು.

ಆ 'ಕೊಂಡ್ಕಂಡಿದ್ದಲ್ಲ' ನನ್ನ ಎದೆಗೆ ನಾಟಿತು. ಹೆಣ್ಣು ಕೊಡುವವರಾದರೇನು, ನಮಗೂ ಒಂದು ಮರ್ಯಾದೆ ಬೇಡವೆ?

"ಮುಂದಿನ ತಿಂಗಳು ಮೊದಲನೇ ಭಾನುವಾರ ನಮ್ಮನೆಗೆ ಬನ್ನಿ ಅಕ್ಕಾ. ನಮ್ಮ ಯಜಮಾನ್ರು ಹೊಳೇಲಿ ಸ್ವಂತ ಕೈಯಲ್ಲಿ ಹಿಡಿದ ಮೀನಿನ ಸಾರು ಬಡಿಸ್ತೀನಿ. ಅದೂ ಕೊಂಡ್ಕೊಂಡಿದ್ದಲ್ಲ!" ಎಂದುಬಿಟ್ಟೆ.

ಪಕ್ಕದಲ್ಲಿ ಯಜಮಾನರಿಗೆ ಮೂಳೆ ಗಂಟಲಿಗೆ ಸಿಕ್ಕಿದಂತಾಯಿತು. ಯಾಕೆಂದರೆ ಅವರು ಅದುವರೆಗೆ ಹೊಳೆಯಿಂದ ಹಿಡಿದು ತಂದಿದ್ದು ನೆಗಡಿಯೊಂದನ್ನೇ.

ಬಸ್ಸಿನಲ್ಲಿ ಬರುವಾಗ ಅವರು ಟಿ. ನರಸೀಪುರ ದಾಟಿದ ಮೇಲೆ ಮೆಲ್ಲಗೆ ಬಾಯಿಬಿಟ್ಟರು. "ನೋಡೇ, ಮೀನು ಎಲ್ಲದೆ ಅಂತ ತೋರ್ಸೋ ಒಂದು ಮಿಷನ್ ಬಂದದಂತೆ. ದೋಣಿ ಅಡಿಯಿಂದ ನೀರೊಳಕ್ಕೆ ಶಬ್ದ ಬಿಡ್ತದೆ. ಮೀನಿಗೆ ತಗುಲಿ ವಾಪಸ್ ಬಂದ್ರೆ ಸ್ಕ್ರೀನಲ್ಲಿ ಕಾಣ್ತದೆ."

"ಅಂದ್ರೆ ಹೊಳೆಗೆ ಸ್ಕ್ಯಾನಿಂಗಾ?"

"ಹೂಂ, ಹಂಗೇ ಅನ್ಕೋ. ಅದ್ರಲ್ಲಿ ಐದಿಂಚು, ಏಳಿಂಚು, ಒಂಬತ್ತಿಂಚು ಅಂತ ಬರ್ತದೆ. ನಾನು ಐದಿಂಚಿಂದು ತಗೋಳನಾ ಅಂತ..."

ಇಂಚು! ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. "ಇಂಚಿನ ವಿಷಯ ನನಗೆ ಬಿಡಿ" ಎಂದೆ.

ಮರುದಿನ ನಮ್ಮ ನಡುಮನೆಯಲ್ಲಿ ಸ್ಕ್ರೀನ್ ಆಯ್ಕೆ ಸಮಾರಂಭ ವಿಧಿವತ್ತಾಗಿ ಜರುಗಿತು. ರಸಬಾಳೆಯನ್ನು ಒಳಗೆ ತಂದು ಟೀಪಾಯಿ ಜಾಗದಲ್ಲಿ ಇರಿಸಲಾಯಿತು. ಯಜಮಾನರು ಅದರಲ್ಲಿ ಕಾಲು ಚಾಚಿ ಕೂತರು. ಕೈಗೆ ಹುಟ್ಟಿನ ಬದಲು ಕಸಪೊರಕೆ. ನಾನು ಸೀರೆ ಡಬ್ಬಿಯ ರಟ್ಟನ್ನು ಮೂರು ಅಳತೆಗೆ ಕತ್ತರಿಸಿ, ಮೇಲೆ ಮೀನಿನ ಚಿತ್ರ ಬರೆದು, ಒಂದೊಂದಾಗಿ ಅವರ ಮೊಣಕಾಲಿನ ಮುಂದೆ ಹಿಡಿದೆ. ಸ್ಕ್ರೀನನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರಂತೆ. ಹಾಗೆ ಅಳೆದು ನಾನು ರವಿಕೆ ಹೊಲಿದಿದ್ದರೆ ಇಷ್ಟು ಹೊತ್ತಿಗೆ ಊರು ಬಿಡಿಸುತ್ತಿದ್ದರು!

"ಐದಿಂಚು ಕಾಣ್ತದಾ?"

"ಮೀನೋ ಇರುವೆಯೋ ಗೊತ್ತಾಗ್ತಿಲ್ಲ."

"ಏಳು?"

"ಹಾಂ, ಚೆನ್ನಾಗಿ ಕಾಣ್ತದೆ. ಇದೇ ಸಾಕು ಕಣೇ."

"ಹಾಗಾದ್ರೆ ಒಂಬತ್ತು ತಗೋಬೇಕು."

"ಏಳು ಸಾಕು ಅಂದ್ನಲ್ಲ!"

"ಎರಡಿಂಚು ಹೆಚ್ಚಿಗೆ ಬಿಡಬೇಕು ರೀ."

"ಯಾಕೇ? ಸ್ಕ್ರೀನ್ ಬೆಳೀತದಾ?"

"ಸ್ಕ್ರೀನ್ ಬೆಳೆಯಲ್ಲ, ನಿಮ್ಮ ಚಾಳೀಸು ಬೆಳೀತದೆ!"

ಬಾಗಿಲಲ್ಲಿ ನಿಂತಿದ್ದ ರತ್ನಮ್ಮ, "ಅಕ್ಕ ಹೇಳಾದೂ ಸರಿಯೇ ಕಣಣ್ಣ. ದೊಡ್ಡದಾದ್ರೆ ಮೀನೂ ದೊಡ್ಡದು ಕಾಣ್ತದೆ" ಎಂದಳು. ಈ ವಾದಕ್ಕೆ ಎದುರಾಡುವವರು ಯಾರು? ಮೈಸೂರಿನ ಅಂಗಡಿಗೆ ಫೋನು ಮಾಡಿದೆ. ಆ ಪುಣ್ಯಾತ್ಮ, "ಮೇಡಂ, ದೋಣಿ ಎಷ್ಟು ಅಗಲ? ಸಣ್ಣ ಕಯಾಕಿಗೆ ಒಂಬತ್ತು ದೊಡ್ಡದಾಗ್ತದೆ. ಬ್ಯಾಟರೀನೂ ದೊಡ್ಡದು ಬೇಕಾಗ್ತದೆ" ಎಂದ. "ದೊಡ್ಡದಾದರೆ ಮಡಿಚಿಕೊಳ್ತೀವಿ, ನೀವು ಕಳಿಸಿ" ಎಂದು ಫೋನಿಟ್ಟೆ. ಸ್ಕ್ರೀನನ್ನು ಮಡಿಚಲಾಗುವುದಿಲ್ಲ ಎಂಬ ಸಂಗತಿ ನನಗೆ ಹೊಳೆದದ್ದು ಫೋನಿಟ್ಟ ಮೇಲೆ.

ಯಂತ್ರ ಬಂತು. ಅದನ್ನು ಕೂರಿಸಿದ ಮೇಲೆ ನೋಡಿದರೆ ದೋಣಿಗೆ ಕಿಟಕಿ ಇಟ್ಟಂತಿತ್ತು. ಹಿಂದುಗಡೆ ಕಾರಿನ ಬ್ಯಾಟರಿ, ಮುಂದುಗಡೆ ಕಿಟಕಿ, ನಡುವೆ ಉಳಿದ ಜಾಗದಲ್ಲಿ ನಮ್ಮ ಯಜಮಾನರು. ಬೀಗರು ಬರುವ ಹಿಂದಿನ ದಿನ, ಶನಿವಾರ, ಅವರು ಅದನ್ನು ಹೊಳೆಗಿಳಿಸಿದರು. ಸ್ನಾನಘಟ್ಟದ ಹತ್ತಿರ ಗಾಳ ಹಾಕುವುದು ಸರಿಯಲ್ಲವೆಂದು ಕೆಳಗೆ, ಊರು ದಾಟಿ ಸೊಂಟದಷ್ಟು ನೀರಿರುವ ಜಾಗ ಆರಿಸಿದ್ದೆವು. ಪ್ರತಿ ಸಲ ಹುಟ್ಟು ಎತ್ತಿದಾಗಲೂ ಅದು ಸ್ಕ್ರೀನಿಗೆ ಟಣ್ ಎಂದು ಬಡಿಯುತ್ತಿತ್ತು. ತಪ್ಪಿಸಲು ಹೋಗಿ ಯಜಮಾನರು ಹುಟ್ಟನ್ನು ತಲೆಯ ಮೇಲಿಂದ ತಿರುಗಿಸತೊಡಗಿದರು. ದೂರದಿಂದ ನೋಡಿದವರಿಗೆ ಅವರು ದೊಣ್ಣೆವರಸೆ ಆಡುತ್ತಿರುವಂತೆ ಕಾಣುತ್ತಿತ್ತು.

"ಮೀನು ಕಾಣ್ತದಾ ರೀ?" ದಡದಿಂದ ಕೂಗಿದೆ.

"ಬಿಸಿಲು ಹೊಡೀತದೆ. ನನ್ನ ಮುಖವೇ ಕಾಣ್ತದೆ ಕಣೇ!"

ಐದಿಂಚಾಗಿದ್ದರೆ ಅರ್ಧ ಮುಖ ಕಾಣುತ್ತಿತ್ತು. ಒಂಬತ್ತಾದ್ದರಿಂದ ಎರಡೂ ಕಿವಿ ಸಮೇತ ಕಂಡಿತು. ಆ ದಿನ ಮೀಸೆಯಲ್ಲಿ ಎಷ್ಟು ಬಿಳಿಕೂದಲಿದೆ ಎಂದು ತಿಳಿದುಕೊಂಡದ್ದು ಬಿಟ್ಟರೆ ಬೇರೆ ಲಾಭವಾಗಲಿಲ್ಲ.

ಸಂಜೆ ನಾನು ಸುಮ್ಮನೆ ಕೂರಲಿಲ್ಲ. ಕಪ್ಪು ಲೈನಿಂಗ್ ಬಟ್ಟೆ ತೆಗೆದು ಸ್ಕ್ರೀನಿಗೊಂದು ಮುಸುಕು ಹೊಲಿದೆ. ಒಳಗೆ ತಲೆ ತೂರಿಸಿದರೆ ಬಿಸಿಲು ಬೀಳುವುದಿಲ್ಲ. ಅದಕ್ಕೂ ಎರಡಿಂಚು ಹೆಚ್ಚಿಗೆ ಬಿಟ್ಟೆ ಎಂದು ಬೇರೆ ಹೇಳಬೇಕಿಲ್ಲವಷ್ಟೆ?

ಭಾನುವಾರ ಬೆಳಿಗ್ಗೆ ಕೋಳಿ ಸಾರು ಮಾಡಿಡಲು ಹೊರಟ ಮಗಳನ್ನು ಕೋಳಿಯೂ ಬೇಡ, ಮೊಟ್ಟೆಯೂ ಬೇಡ ಎಂದು ತಡೆದು, ಮೀನಿಗೆಂದೇ ಮಸಾಲೆ ರುಬ್ಬಿಟ್ಟು, ಬಾಗಿಲು ಹಾಕಿಕೊಂಡು ಎಲ್ಲರೂ ಹೊಳೆಗೆ ಹೊರಟೆವು. ರತ್ನಮ್ಮ ಬಟ್ಟೆಯ ಗಂಟು ಹೊತ್ತು ಜೊತೆಗೆ ಬಂದಳು. ಒಗೆಯುವುದು ನೆಪ, ನೋಡುವುದು ಕೆಲಸ.

ಮುಸುಕಿನೊಳಗೆ ತಲೆಯಿಟ್ಟ ಯಜಮಾನರಿಗೆ ಮೀನು ಕಂಡಿತು. ಆದರೆ ಹೊಳೆ ಕಾಣುತ್ತಿರಲಿಲ್ಲ. ತಲೆ ಹೊರಗೆ ತೆಗೆದರೆ ಹೊಳೆ ಕಾಣುತ್ತಿತ್ತು, ಮೀನು ಕಾಣುತ್ತಿರಲಿಲ್ಲ. ಈ ಧರ್ಮಸಂಕಟ ನೋಡಲಾರದೆ, "ನೀವು ಮೀನು ನೋಡ್ಕೊಳ್ಳಿ, ದಾರಿ ನಾನು ಹೇಳ್ತೀನಿ" ಎಂದೆ.

"ಲೇ, ಇಲ್ಲೊಂದದೆ ಕಣೇ! ಮಂಚದಷ್ಟುದ್ದ!" ಮುಸುಕಿನೊಳಗಿಂದ ಕೂಗು ಬಂತು.

"ಹಾಕಿ ಗಾಳ!"

ಹಾಕಿದರು. ಸಿಕ್ಕಿತು. ಎಳೆದರು. ಬಂತು: ಅಂಚಿರುವ ಒಂದು ಪಂಚೆ.

ಇನ್ನೊಂದು ದೊಡ್ಡದು ಕಂಡಿತು. ಎಳೆದರು. ಹಸಿರು ಸೀರೆ. ಮತ್ತೊಂದು. ಲಂಗ. ಸಿಕ್ಕಿದ್ದನ್ನೆಲ್ಲ ದಡಕ್ಕೆ ಎಸೆದರು. ನಾನು ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಇಲ್ಲಿಗೆ ಬರುವ ಭಕ್ತರಲ್ಲಿ ಎಷ್ಟೋ ಜನ ಹೊಳೆಯಲ್ಲಿ ಮುಳುಗಿ, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಅದರೊಂದಿಗೆ ಅವರ ಪಾಪವೂ ಹೋಗುತ್ತದಂತೆ. ಆ ಬಟ್ಟೆ ಎಲ್ಲಿಗೆ ಹೋಗುತ್ತದೆ ಎಂದು, ಬಟ್ಟೆಯಲ್ಲೇ ಬದುಕಿದ ನಾನು ಒಂದು ದಿನವಾದರೂ ಯೋಚಿಸಿರಲಿಲ್ಲ. ಕಂಡವರ ಪಾಪವೆಲ್ಲ ಕೊಚ್ಚಿಕೊಂಡು ಬಂದು ನಮ್ಮ ಒಂಬತ್ತಿಂಚಿನಲ್ಲಿ ಮೀನಾಗಿ ಕಾಣುತ್ತಿತ್ತು!

"ಅಕ್ಕಾ, ಸೀರೆಗೆ ಫಾಲ್ಸೂ ಹಾಕವ್ರೆ ಕಣಕ್ಕ!" ರತ್ನಮ್ಮ ಒಗೆಯುವುದು ಬಿಟ್ಟು ಪರೀಕ್ಷೆ ಮಾಡುತ್ತಿದ್ದಳು.

"ನೀನು ಸುಮ್ಮನಿರು!"

ಅಷ್ಟರಲ್ಲಿ ಹಿಂದಿನಿಂದ, "ಇದೇನಕ್ಕ ಇದು, ವೊಳೇಲಿ ಜವಳಿ ತಗೀತಾ ಇದೀರಾ?" ಎಂಬ ದನಿ ಬಂತು. ತಿರುಗಿದರೆ ಬೀಗಿತ್ತಿ ಗೌರಮ್ಮನವರು! ಪಕ್ಕದಲ್ಲಿ ಬೀಗರು ಚಿಕ್ಕೇಗೌಡರು. ಬನ್ನೂರಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಬಾಗಿಲು ಹಾಕಿದ್ದು ನೋಡಿ ಬೀದಿಯವರನ್ನು ಕೇಳಿದರೆ ಅವರು ಹೊಳೆ ಕಡೆ ಕೈ ತೋರಿಸಿದ್ದರು.

ಚಿಕ್ಕೇಗೌಡರು ಬಟ್ಟೆಯ ರಾಶಿ ನೋಡಿ, "ಮದ್ವೆ ಜವಳಿಗೆ ಮೈಸೂರ್ಗೆ ಓಗದು ಬ್ಯಾಡ ಬುಡಿ. ಎಲ್ಲಾ ಇಲ್ಲೇ ಸಿಕ್ತದೆ" ಎಂದರು.

ನನ್ನ ಮೈಯೆಲ್ಲ ಬೆಂಕಿ. ಇನ್ನು ಉಳಿದದ್ದು ಒಂದೇ ದಾರಿ. ಮೀನು ಸಿಗಲೇಬೇಕು! ಸರಿಯಾಗಿ ಆಗಲೇ ಗಾಳಕ್ಕೆ ಭಾರವಾದದ್ದೇನೋ ಸಿಕ್ಕಿ ದೋಣಿ ಒಂದು ಕಡೆಗೆ ವಾಲಿತು. "ಎಡಕ್ಕೆ ವಾಲಿ, ಎಡಕ್ಕೆ!" ಎಂದು ಅರಚಿದೆ. ನಾನು ಹೇಳಿದ್ದು ಅವರಿಗೆದುರು ನಿಂತಿದ್ದ ನನ್ನ ಎಡ. ಮುಸುಕಿನೊಳಗಿದ್ದ ಅವರು ವಾಲಿದ್ದು ಅವರ ಎಡಕ್ಕೆ. ಮುಸುಕು, ಹುಟ್ಟು, ಗಾಳಗಳ ಸಮೇತ ನಮ್ಮ ಯಜಮಾನರು ಕಪಿಲೆಯಲ್ಲಿ ಧುಮುಕಿದರು. ದೋಣಿ ಮಾತ್ರ, ಭಾರ ಇಳಿದ ಖುಷಿಗೆ, ನೆಟ್ಟಗೆ ನಿಂತಿತು.

ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ದೋಣಿ ಹಿಡಿದೆ. ಯಂತ್ರ ಕುಂಯ್ ಕುಂಯ್ ಎಂದು ಬಡಿದುಕೊಳ್ಳುತ್ತಿತ್ತು. ಬಿಸಿಲಿಗೆ ಸೆರಗು ಅಡ್ಡ ಹಿಡಿದು ನೋಡುತ್ತೇನೆ, ಸ್ಕ್ರೀನಿನ ಈ ತುದಿಯಿಂದ ಆ ತುದಿಯವರೆಗೂ ಒಂದೇ ಮೀನು! ಅಷ್ಟು ದೊಡ್ಡದನ್ನು ಅದುವರೆಗೂ ಅದು ತೋರಿಸಿರಲಿಲ್ಲ.

"ರೀ! ನಿಮ್ಮ ಕಾಲ ಹತ್ರಾನೇ ಅದೆ! ಬಿಡಬೇಡಿ! ಬಾಚಿ ತಬ್ಕೊಳ್ಳಿ!"

ಆಗಷ್ಟೇ ಎದ್ದು ನಿಂತಿದ್ದ ಯಜಮಾನರು, ಹೆಂಡತಿಯ ಮಾತು ಮೀರದವರು, ಮತ್ತೆ ಮುಳುಗಿ ನೀರನ್ನು ತಬ್ಬಿಕೊಂಡರು. ಮೇಲೆ ಬಂದು ಉಸಿರು ಬಿಟ್ಟರು. ಸ್ಕ್ರೀನಿನ ಮೀನೂ ಅವರೊಂದಿಗೇ ಮುಳುಗಿ ಅವರೊಂದಿಗೇ ಎದ್ದಿತು.

"ಅಕ್ಕಾ," ದಡದಿಂದ ರತ್ನಮ್ಮ ಕೂಗಿದಳು, "ಅದು ಅಣ್ಣನೇ ಇರ್ಬೇಕು ಕಣಕ್ಕ!"

ಗೌರಮ್ಮನವರು ಸೆರಗು ಬಾಯಿಗಿಟ್ಟುಕೊಂಡು ಅತ್ತ ತಿರುಗಿದರು. ಅವರ ಬೆನ್ನು ಅಲುಗಾಡುತ್ತಿತ್ತು.

ಯಜಮಾನರು ನೀರು ಸುರಿಸಿಕೊಂಡು ದಡಕ್ಕೆ ಬಂದು, "ಪೇಟೆಗೋಗಿ ಒಂದು ಮೀನು ತಂದ್ಬುಡ್ತೀನಿ ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಕಿವಿಯಲ್ಲಿ ನೀರು ತುಂಬಿದ್ದರಿಂದ ಜೋರಾಗಿಯೇ ಹೇಳಿದರು.

"ಕೊಂಡ್ಕಳದು ಬ್ಯಾಡ ಬುಡಿ ಬೀಗ್ರೇ," ಗೌರಮ್ಮನವರು ಈ ಕಡೆ ತಿರುಗಿದರು. "ಅಕ್ಕ ಮಾತ್ ಕೊಟ್ಟವ್ರೆ. ಅಂಗ್ಡಿ ಮೀನ ನಾವು ಬನ್ನೂರಲ್ಲೇ ತಿಂತೀವಿ."

ನಾನು ಅಳುವುದೊಂದು ಬಾಕಿ. ಆಗ ನಮ್ಮ ಮಗಳು ಕಿರುಚಿದಳು. ಅವಳು ಹಿಂಡಲು ಎತ್ತಿದ ಹಸಿರು ಸೀರೆಯ ಮಡಿಕೆಯಿಂದ ಏನೋ ಪಟಪಟ ಎಂದು ಹಾರಿ ಮರಳಿನ ಮೇಲೆ ಬಿತ್ತು. ಮೀನು! ಬೆರಳಿನಷ್ಟುದ್ದದ, ಬೆಳ್ಳಗಿನ, ಅಪ್ಪಟ ಕಪಿಲೆಯ ಮೀನು! ನಾನು ಅದನ್ನು ಎರಡೂ ಕೈಯಲ್ಲಿ ಬಾಚಿಕೊಂಡೆ. ಒಂದು ಕೈಯೂ ತುಂಬಲಿಲ್ಲ.

ಊಟಕ್ಕೆ ಎಲೆ ಹಾಕಿದ್ದಾಯಿತು. ಮುದ್ದೆ ಬಂತು. ದೊಡ್ಡ ಪಾತ್ರೆಯ ತುಂಬ ಸಾರು ಬಂತು. ಹುಣಸೆಹುಳಿ, ಕೊಬ್ಬರಿ, ಖಾರ ಎಲ್ಲ ಹದವಾಗಿ ಬಿದ್ದು ಘಮಘಮ ಎನ್ನುತ್ತಿತ್ತು. ಸ್ವಂತ ಗಾಳದಲ್ಲಿ ಎಳೆದದ್ದು, ಕೊಂಡ್ಕೊಂಡಿದ್ದಲ್ಲ. ನನ್ನ ಮಾತು ಉಳಿಯಿತು ಎಂದುಕೊಂಡು, ಮೀನನ್ನು ಬೀಗರ ಎಲೆಗೇ ಬಡಿಸೋಣವೆಂದು ಸೌಟು ಹಾಕಿದೆ. ಬರೀ ಸಾರು ಬಂತು. ತಳ ಮುಟ್ಟಿಸಿ ತಿರುವಿದೆ. ಸಾರು ಬಂತು. ಅಂಚಿನಲ್ಲಿ ನೋಡಿದೆ, ನಡುವೆ ನೋಡಿದೆ. ಮತ್ತೆ ಸಾರೇ ಬಂತು.

ಎಲ್ಲರೂ ಸೌಟನ್ನೇ ನೋಡುತ್ತಿದ್ದರು. ಚಿಕ್ಕೇಗೌಡರು ಮುದ್ದೆ ಮುರಿಯುತ್ತ, ತುಂಬ ಗಂಭೀರವಾಗಿ ನಮ್ಮ ಯಜಮಾನರ ಕಡೆ ತಿರುಗಿದರು.

"ಬೀಗ್ರೇ, ಆ ಮಿಸಿನ್ನ ಒಸಿ ಇಲ್ಲಿಗ್ ತನ್ನಿ. ಪಾತ್ರೆಗೆ ಬುಟ್ಟು ನೋಡನ."

ಗೌರಮ್ಮನವರು ನಕ್ಕು ನಕ್ಕು ನೀರು ಕುಡಿದರು. "ಬಡ್ಸಕ್ಕ, ಸಾರೇ ಚೆಂದಾಗದೆ" ಎಂದು ಎರಡು ಸಲ ಹಾಕಿಸಿಕೊಂಡರು. ನಮ್ಮ ಯಜಮಾನರು ಮಾತ್ರ ಕೈ ತೊಳೆದು ನಿಜವಾಗಿಯೂ ಯಂತ್ರ ತರಲು ಎದ್ದಿದ್ದರು. "ಕೂತ್ಕೊಳ್ಳಿ ಸುಮ್ಮನೆ, ಮಾನ ಹೋಗ್ತದೆ!" ಎಂದು ಗದರಿಸಿ ಕೂರಿಸಿದೆ.

ಆದರೆ ನಿಜ ಹೇಳಬೇಕೆಂದರೆ, ಚಿಕ್ಕೇಗೌಡರು ಬಾಯಿಬಿಡುವುದಕ್ಕೆ ಮೊದಲೇ ನನಗೂ ಅದೇ ಯೋಚನೆ ಬಂದಿತ್ತು.